ನಾಲ್ಕು ಫಾರಂನಲ್ಲಿ ಅಪ್ಪ

ಅಪ್ಪ ತೀರಿಕೊಂಡ ಮೇಲೆ ಸರಿಯಾಗಿ ಅಳುವುದಕ್ಕೂ ಬಿಡದೆ ಕಾಗದದ ಕೆಲಸ ಶುರುವಾಯಿತು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಮರಣ ಪ್ರಮಾಣಪತ್ರ ಬಂದ ಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ. ಅದು ಕೈಗೆ ಬಂದ ಮೇಲೆ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ. ಬ್ಯಾಂಕು, ಸೊಸೈಟಿ, ಪಡಿತರ ಚೀಟಿ, ಗ್ಯಾಸು, ಎಲ್ಲದಕ್ಕೂ ಒಂದೊಂದು ನಕಲು. ಅಣ್ಣ ಊರಲ್ಲೇ ಇರುವವನು. ಓಡಾಟವೆಲ್ಲ ಅವನ ತಲೆಗೆ ಬಂತು. ನಾನು ಶಿವಮೊಗ್ಗದಿಂದ ಬಂದು ಸಹಿ ಹಾಕಿ ಹೋಗುತ್ತಿದ್ದೆ.

ವಂಶವೃಕ್ಷ ಅಂದರೆ ಒಂದು ಹಾಳೆ. ಮೇಲೆ ಅಜ್ಜನ ಹೆಸರು, ಪಕ್ಕದಲ್ಲಿ ‘ಮೃತ’. ಕೆಳಗೆ ಅಪ್ಪ, ‘ಮೃತ’. ಅವನ ಕೆಳಗೆ ಅಮ್ಮ, ಅಣ್ಣ, ನಾನು, ತಂಗಿ. ಮಹಜರಿಗೆ ಬಂದ ಅಧಿಕಾರಿ ಹೆಣ್ಣುಮಕ್ಕಳ ಹೆಸರು ಬಿಡುವ ಹಾಗಿಲ್ಲ ಅಂತ ಒತ್ತಿ ಹೇಳಿದರು. ಬಿಡುವ ಯೋಚನೆ ನಮಗೂ ಇರಲಿಲ್ಲ, ಆದರೂ ಕೇಳಿ ಖುಷಿಯಾಯಿತು. ನನ್ನ ಮಗಳು ಆ ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿದಳು. ‘ಅಜ್ಜ ಇಷ್ಟೇನಾ?’ ಅಂದಳು.

‘ಸರ್ಕಾರಕ್ಕೆ ಇಷ್ಟು ಸಾಕು ಮಾರಾಯ್ತಿ’ ಅಂದ ಅಣ್ಣ.

ವರ್ಷದ ತಿಥಿಗೆ ಬಂದವರಿಗೆ ಸ್ಟೀಲ್ ಡಬ್ಬಿ ಕೊಡುವುದು ಈಗ ನಮ್ಮ ಕಡೆ ವಾಡಿಕೆ ಆಗಿಬಿಟ್ಟಿದೆ. ಡಬ್ಬಿಯ ಮೇಲೆ ಹೋದವರ ಹೆಸರು ಕೆತ್ತಿಸಿರುತ್ತಾರೆ. ನಮ್ಮ ಮನೆಯಲ್ಲಿ ಅಂಥ ಡಬ್ಬಿಗಳು ಒಂದು ಕಪಾಟು ತುಂಬ ಇವೆ, ಯಾರದ್ದೋ ಹೆಸರಿನ ಡಬ್ಬಿಯಲ್ಲಿ ಸಾಸಿವೆ, ಇನ್ಯಾರದ್ದೋ ಹೆಸರಿನ ಡಬ್ಬಿಯಲ್ಲಿ ಮೆಂತೆ. ಡಬ್ಬಿ ಬೇಡ, ಅಪ್ಪನ ಬಗ್ಗೆ ಸಣ್ಣ ಪುಸ್ತಕ ಮಾಡಿ ಕೊಡೋಣ ಅಂತ ನಾನು ಮತ್ತು ತಂಗಿ ಹೇಳಿದೆವು. ಅಣ್ಣನಿಗೆ ಅಷ್ಟೇನೂ ಮನಸ್ಸಿರಲಿಲ್ಲ. ‘ಅಪ್ಪನ ಬಗ್ಗೆ ಬರೆಯೋಕೆ ಎಂಥ ಉಂಟು? ದುಡಿದ, ಉಂಡ, ಹೋದ’ ಅಂದ. ಆಗ ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು.

ನಮ್ಮೂರು ಸಾಗರ ತಾಲ್ಲೂಕಿನಲ್ಲಿ, ವರದಾ ನದಿಯ ಪಕ್ಕ. ಗದ್ದೆ, ಒಂದಿಷ್ಟು ಅಡಿಕೆ ತೋಟ, ಮಳೆಗಾಲದಲ್ಲಿ ನೆರೆ. ಅಪ್ಪ ಆ ಊರು ಬಿಟ್ಟು ಎಲ್ಲೂ ಇದ್ದವನಲ್ಲ.

ಮೊದಲು ಟ್ರಂಕು ತೆಗೆದೆವು. ಕಬ್ಬಿಣದ ಟ್ರಂಕು, ಅಟ್ಟದ ಮೇಲಿತ್ತು. ಒಳಗೆ ಕಂದಾಯದ ರಸೀದಿ, ಸೊಸೈಟಿ ಸಾಲದ ಚೀಟಿ, ಅಡಿಕೆ ಮಂಡಿಯ ಬಿಲ್ಲು, ಹಸುವಿನ ವಿಮೆ ಕಾಗದ, ನಮ್ಮೆಲ್ಲರ ಅಂಕಪಟ್ಟಿ, ತಂಗಿಯ ಮದುವೆಯ ಖರ್ಚಿನ ಪಟ್ಟಿ. ಮಲೆನಾಡಿನ ಮಳೆಗಾಲ ಕಾಗದಕ್ಕೆ ಒಳ್ಳೆಯದಲ್ಲ. ಕೆಳಗಿನ ಕಟ್ಟು ಮುಗ್ಗು ಹಿಡಿದು ಒಂದಕ್ಕೊಂದು ಅಂಟಿತ್ತು. ಒಂದು ಮೂಲೆ ಒರಲೆ ತಿಂದಿತ್ತು. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಒಂದು ಮಾತು: ಹಳೇ ಕಾಗದವನ್ನು ಬಿಸಿಲಿಗೆ ಹಾಕಬೇಡಿ, ಸುರುಳಿ ಸುತ್ತಿಕೊಂಡು ಪುಡಿಯಾಗುತ್ತದೆ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ, ಆಮೇಲೆ ಬಿಡಿಸಲಾಗದು. ಜಗಲಿಯ ನೆರಳಲ್ಲಿ ಬಟ್ಟೆ ಹಾಸಿ, ಒಂದೊಂದೇ ಹರಡಿ, ಗಾಳಿಗೆ ಒಣಗಿಸಿದೆವು. ಹಗಲು ಬೆಳಕಲ್ಲಿ ಮೊಬೈಲಿನಲ್ಲಿ ಫೋಟೊ ತೆಗೆದೆವು. ಅಪ್ಪ-ಅಮ್ಮನ ಮದುವೆಯ ಫೋಟೊ ಚೌಕಟ್ಟಿನ ಗಾಜಿಗೆ ಅಂಟಿ ಹೋಗಿತ್ತು. ಕೀಳಲು ಹೋಗಬೇಡಿ ಅಂತ ಸಾಗರದ ಸ್ಟುಡಿಯೊದವರು ಹೇಳಿದರು. ಗಾಜಿನ ಮೇಲಿನಿಂದಲೇ, ಬೆಳಕು ಹೊಳೆಯದ ಹಾಗೆ ಓರೆಯಲ್ಲಿ ನಿಂತು ತೆಗೆದುಕೊಟ್ಟರು.

ಅಪ್ಪ ಹುಟ್ಟಿದ ವರ್ಷವೇ ಮೊದಲ ತಕರಾರು. ಆಧಾರ್ ಕಾರ್ಡಿನಲ್ಲಿ 1-1-1950. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ ಒಂದನೇ ತಾರೀಕು ಹಾಕಿದ್ದಾರಲ್ಲ, ಅದೇ ಲೆಕ್ಕ. ಊರ ಶಾಲೆಯಲ್ಲಿ ಕೇಳಿ ಹಳೇ ದಾಖಲಾತಿ ಪುಸ್ತಕ ತೆಗೆಸಿ ನೋಡಿದೆವು. ಅಲ್ಲಿ 1-6-1946. ಆ ಪುಟದಲ್ಲಿದ್ದ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದ್ದಾರೆ! ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೊಂದಲಿ ಅಂತ ಮೇಷ್ಟರು ಬರೆದುಕೊಂಡದ್ದು.

ಸರಿಯಾದ ಲೆಕ್ಕ ಸಿಕ್ಕಿದ್ದು ಅತ್ತೆಯಿಂದ. ಅಪ್ಪನ ಅಕ್ಕ. ಎಂಬತ್ತು ದಾಟಿದೆ. ಕಣ್ಣು ಸ್ವಲ್ಪ ಮಂಜು, ನಾಲಿಗೆ ಮಾತ್ರ ಚುರುಕು. ಈಗ ಸೊರಬದ ಕಡೆ ಮಗನ ಮನೆಯಲ್ಲಿದ್ದಾರೆ. ನಾನು ಮೊದಲು ಹೋದಾಗ ನೋಟ್‌ಬುಕ್ ಹಿಡಿದು, ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ‘ಅಪ್ಪ ಚಿಕ್ಕವನಿದ್ದಾಗ ಹೇಗಿದ್ದ ಅತ್ತೆ?’

‘ಹೇಗಿರ್ತಾನೆ? ಹುಡುಗರ ಹಾಗೆ ಇದ್ದ’ ಅಂದರು. ಅಲ್ಲಿಗೆ ಮುಗಿಯಿತು. ಕಾಫಿ ಬಂತು.

ಮಾತು ಹೊರಟಿದ್ದು ಕೊಳಗದಿಂದ. ಅವರ ಮನೆಯ ಮೂಲೆಯಲ್ಲಿ ಭತ್ತ ಅಳೆಯುವ ಮರದ ಕೊಳಗ ಒಂದಿತ್ತು, ಬಾಯಿಗೆ ಕಬ್ಬಿಣದ ಪಟ್ಟಿ. ಸೊಸೆ ಅದರಲ್ಲಿ ಈರುಳ್ಳಿ ಹಾಕಿಟ್ಟಿದ್ದಳು. ಮಗಳು ಸುಮ್ನೆ ಕೈಗೆತ್ತಿಕೊಂಡು, ‘ಅಜ್ಜಿ, ಇದು ಮೂರು ಸೇರಿನದ್ದೋ ಮೂರೂವರೆ ಸೇರಿನದ್ದೋ?’ ಅಂದಳು. ನಾನು ಬೆರಗಾದೆ. ಅತ್ತೆ ನೆಟ್ಟಗೆ ಕೂತರು.

ಕಾಗೋಡು ನಮ್ಮೂರಿಂದ ಬಹಳ ದೂರವಲ್ಲ. 1951ರಲ್ಲಿ ಅಲ್ಲಿ ಗೇಣಿ ರೈತರು ಎದ್ದು ನಿಂತದ್ದಕ್ಕೆ ಒಂದು ಮುಖ್ಯ ಕಾರಣ ಈ ಕೊಳಗವೇ. ಮೂರು ಸೇರಿನ ಕೊಳಗದಲ್ಲಿ ಅಳೆಯಬೇಕಾದ ಗೇಣಿ ಭತ್ತವನ್ನು ಜಮೀನಿನ ಒಡೆಯರು ಮೂರೂವರೆ ಸೇರಿನ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದರು. ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಸಮಾಜವಾದಿಗಳು ಜೊತೆಗೆ ಬಂದರು, ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನವಾಯಿತು. ಇದೆಲ್ಲ ನಾನು ಓದಿದ್ದೆ. ಅತ್ತೆ ಕಂಡಿದ್ದರು. ಕೊಳಗವನ್ನು ನೆಲಕ್ಕಿಟ್ಟು, ಇಲ್ಲದ ಭತ್ತವನ್ನು ಎರಡೂ ಕೈಯಲ್ಲಿ ಬಾಚಿ ತುಂಬಿ ತೋರಿಸಿದರು. ‘ನಮಗೆ ಕೊಡುವಾಗ ಹೀಗೆ’ ಅಂತ ಅಂಗೈ ಅಡ್ಡ ಹಿಡಿದು ಬಾಯಿ ಮಟ್ಟಕ್ಕೆ ಸವರಿದರು. ‘ನಮ್ಮಿಂದ ತಗಳೋವಾಗ ಹೀಗೆ.’ ಮೇಲೆ ಗೋಪುರ. ಒಂದು ಕಾಳು ಉದುರಿದರೆ ಅದನ್ನೂ ಎತ್ತಿ ಗೋಪುರದ ಮೇಲಿಡುವ ಬೆರಳು. ಭತ್ತವಿರಲಿಲ್ಲ, ಆ ಬೆರಳು ಮಾತ್ರ ಹಾಗೇ ಹೆಕ್ಕುತ್ತಿತ್ತು.

‘ಪೊಲೀಸು ಬಂದ್ರು ಅಂತ ಗಲಾಟೆ ಆದಾಗ ನಿಮ್ಮಪ್ಪನ್ನ ಸೊಂಟಕ್ಕೆ ಹಾಕಿಕೊಂಡು ಹಿತ್ತಲಿಗೆ ಓಡಿದ್ದು ನಾನೇ. ಭಾರ ಇದ್ದ. ಮೂರು ವರ್ಷ ಆಗಿತ್ತು.’

ಅಲ್ಲಿಗೆ 1948. ಪುಸ್ತಕದಲ್ಲಿ ‘1948ರ ಆಸುಪಾಸು’ ಅಂತಲೇ ಹಾಕಿದೆವು. ಆಧಾರ್ ಇದೆ, ಶಾಲೆ ಪುಸ್ತಕ ಇದೆ, ಯಾಕೆ ಮುದುಕಿ ಮಾತು ನಂಬ್ತೀರಿ ಅಂತ ಭಾವ ಕೇಳಿದರು. ಎತ್ತಿಕೊಂಡು ಓಡಿದವರಿಗಿಂತ ಬೇರೆ ಸಾಕ್ಷಿ ಬೇಕಾ, ಅಲ್ವಾ?

ಅವತ್ತಿನಿಂದ ನಾನು ಪ್ರಶ್ನೆ ಬರೆದುಕೊಂಡು ಹೋಗುವುದು ಬಿಟ್ಟೆ. ವಸ್ತು ತೆಗೆದುಕೊಂಡು ಹೋಗುತ್ತಿದ್ದೆ. ಹಳೇ ಫೋಟೊ, ಕಂಬಳಿ ಕೊಪ್ಪೆ, ಅಪ್ಪನ ಹಾಳೆಟೊಪ್ಪಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ. ಅದನ್ನು ಎದುರಿಗಿಟ್ಟು ಸುಮ್ಮನೆ ಕೂರಬೇಕು. ಮೊಬೈಲಿನ ರೆಕಾರ್ಡರ್ ಮೊದಲೇ ಹೇಳಿ ಹಚ್ಚಿಟ್ಟು ಮರೆತುಬಿಡಬೇಕು. ಇಸವಿ ಕೇಳಬಾರದು. ‘ಲಿಂಗನಮಕ್ಕಿ ಕಟ್ಟೋಕ್ಕಿಂತ ಮುಂಚೆಯೋ ಆಮೇಲೋ?’ ಅಂತ ಕೇಳಿದರೆ ನಮ್ಮ ಕಡೆಯ ಎಂಥ ಮುದುಕರೂ ತಡವರಿಸದೆ ಹೇಳುತ್ತಾರೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಲ್ಲಿಂದ ಹಿಂದೆ ಮುಂದೆ ಎಣಿಸಿಕೊಂಡರಾಯಿತು.

ಅತ್ತೆಗಂತೂ ಆ ವರ್ಷ ಮರೆಯುವಂಥದ್ದಲ್ಲ. ಅವರನ್ನು ಕೊಟ್ಟಿದ್ದು ಶರಾವತಿ ಕಣಿವೆಗೆ. ಮದುವೆಯಾಗಿ ಕೆಲವೇ ವರ್ಷಕ್ಕೆ ಗದ್ದೆ, ಮನೆ, ತೋಟ ಎಲ್ಲ ಹಿನ್ನೀರಿಗೆ ಹೋಯಿತು. ಹದಿನಾರರ ಹುಡುಗ ನಮ್ಮಪ್ಪ ಗಾಡಿ ಕಟ್ಟಿಕೊಂಡು ಹೋಗಿ ಅಕ್ಕನ ಮನೆಯ ಸಾಮಾನು ತಂದಿದ್ದನಂತೆ. ಬಾಗಿಲು, ಕಿಟಕಿ, ತೊಲೆ, ಹಂಚು. ಬಾಣಲೆಯಲ್ಲಿ ತುಳಸಿ ಗಿಡ. ಇದು ನನಗೆ ಗೊತ್ತೇ ಇರಲಿಲ್ಲ. ಮಗಳಿಗೆ ಗೊತ್ತಿತ್ತು! ಸಿಗಂದೂರಿಗೆ ಹೋಗುವಾಗ ಲಾಂಚಿನಲ್ಲಿ ಕಟಕಟೆ ಹಿಡಿದು ನಿಂತು, ನೀರಿನ ಕಡೆ ಬೆರಳು ತೋರಿಸಿ, ‘ನಿಮ್ಮ ದೊಡ್ಡಜ್ಜಿ ಅಡಿಗೆಕೋಣೆ ಇಲ್ಲೇ ಎಲ್ಲೋ ಕೆಳಗಿದೆ’ ಅಂದಿದ್ದನಂತೆ. ಅದೇ ಲಾಂಚಿನಲ್ಲಿ ನಾನೂ ಇದ್ದೆ. ಆ ಕಡೆ ನಿಂತು ಫೋಟೊ ತೆಗೆಯುತ್ತಿದ್ದೆ. ಈಗ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಗಿದೆ, 2025ರ ಜುಲೈನಲ್ಲಿ. ಕಾರಿನಲ್ಲಿ ಎರಡು ನಿಮಿಷಕ್ಕೆ ದಾಟಿಬಿಡಬಹುದು.

ಟ್ರಂಕಿನಲ್ಲಿ ಸಿಕ್ಕಿದ ಕಾಗದಗಳಲ್ಲಿ ಅಪ್ಪ ಪ್ಲಾಸ್ಟಿಕ್ ಕವರಿನೊಳಗೆ ಕವರು ಹಾಕಿಟ್ಟಿದ್ದದ್ದು ಒಂದೇ. ನಮೂನೆ 10. ಭೂಮಿ ಇನ್ನು ನಿನ್ನದು ಅಂತ ಹೇಳುವ ಕಾಗದ. ದೇವರಾಜ ಅರಸರ ಕಾಲದ ಭೂ ಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ನಮೂನೆ 7ರಲ್ಲಿ ಡಿಕ್ಲರೇಷನ್ ಕೊಡಬೇಕಿತ್ತು. ನಮ್ಮ ಕಡೆ ಇವತ್ತಿಗೂ ‘ಡಿಕ್ಲರೇಷನ್ ಜಮೀನು’ ಅಂತಲೇ ಕರೆಯುವುದು. ಭೂ ನ್ಯಾಯಮಂಡಳಿಯಲ್ಲಿ ವಿಚಾರಣೆ. ಆಗ ವಕೀಲರು ಅಲ್ಲಿ ಬರುವ ಹಾಗಿರಲಿಲ್ಲ. ರೈತನೇ ನಿಂತು ತನ್ನ ಮಾತು ಹೇಳಬೇಕಿತ್ತು. ಅಜ್ಜ ಆಗಲೇ ಹಾಸಿಗೆ ಹಿಡಿದಿದ್ದ. ನಿಂತವನು ಅಪ್ಪ, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು.

ಆ ಹೇಳಿಕೆಯ ನಕಲು ಬೇಕು ಅಂತ ನನಗೆ ಹಟ ಹಿಡಿಯಿತು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಟ್ಟು, ಆದೇಶದ ಸಂಖ್ಯೆ ಸರ್ವೆ ನಂಬರು ಎಲ್ಲ ನಮೂನೆ 10ರಿಂದ ನೋಡಿ ಬರೆದೆ. ಅಲ್ಲಿ ಕಾದ ಕಥೆ ಬಿಡಿ, ಎಲ್ಲರಿಗೂ ಗೊತ್ತಿರುವುದೇ. ಕೊನೆಗೆ ಕಡತ ಸಿಕ್ಕಿತು. ಹೇಳಿಕೆ ಒಂದೇ ಪುಟ, ಗುಮಾಸ್ತರ ಭಾಷೆಯಲ್ಲಿದೆ. ‘ಸದರಿ ಜಮೀನನ್ನು ನಮ್ಮ ತಾತನ ಕಾಲದಿಂದ ಗೇಣಿಗೆ ಸಾಗುವಳಿ ಮಾಡಿಕೊಂಡು ಬಂದಿರುತ್ತೇವೆ.’ ಅಪ್ಪ ಜನ್ಮದಲ್ಲಿ ‘ಸದರಿ’ ಅಂದವನಲ್ಲ. ಆದರೆ ನಡುವೆ ಒಂದು ಸಾಲು ಅವನದ್ದೇ. ನೆರೆ ಬಂದು ಬೆಳೆ ಹೋದ ವರ್ಷ ಗೇಣಿ ಕೊಟ್ಟಿದ್ದೀರಾ ಅಂತ ಕೇಳಿದ್ದಕ್ಕೆ ಉತ್ತರ: ‘ಕೊಟ್ಟಿದ್ದೇವೆ. ತಾಯಿಯ ಬುಗುಡಿ ಮಾರಿ ಕೊಟ್ಟಿದ್ದೇವೆ.’ ಕೆಳಗೆ ಸಹಿ. ನಾಲ್ಕನೇ ಕ್ಲಾಸಿನ ಅಕ್ಷರ, ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಮೇಲಕ್ಕೆ ಹತ್ತಿದೆ.

ಎರಡು ಎಕರೆ ಹತ್ತು ಗುಂಟೆ. ಅದರಲ್ಲೇ ನಾವು ಮೂರು ಜನ ಓದಿದ್ದು.

ಆ ಪುಟವನ್ನು ಪುಸ್ತಕದಲ್ಲಿ ಹಾಗೇ ಹಾಕಿದೆವು. ಒಂದು ಪುಟ ಪೂರ್ತಿ. ನನ್ನನ್ನು ಕೇಳಿದರೆ ಪುಸ್ತಕದಲ್ಲಿ ಬೇರೇನೂ ಇಲ್ಲದಿದ್ದರೂ ನಡೆಯುತ್ತಿತ್ತು.

ಇನ್ನು ಚಿಕ್ಕಪ್ಪನ ವಿಷಯ. ಅಪ್ಪನಿಗೂ ಚಿಕ್ಕಪ್ಪನಿಗೂ ಬಹಳ ವರ್ಷ ಮಾತಿರಲಿಲ್ಲ. ಹಿಸ್ಸೆ ಆದ ಮೇಲೆ ತೋಟಕ್ಕೆ ಹೋಗುವ ದಾರಿ, ಒಂದು ಬೇಲಿ, ಅಷ್ಟೇ ಕಾರಣ. ಮಲೆನಾಡಿನಲ್ಲಿ ಬೇಲಿ ಜಗಳವಿಲ್ಲದ ಮನೆ ಇದೆಯಾ? ಪುಸ್ತಕದಲ್ಲಿ ಇದನ್ನು ಬರೆಯೋದು ಬೇಡ ಅಂದ ಅಣ್ಣ. ಸತ್ತವರ ಬಗ್ಗೆ ಒಳ್ಳೆಯದು ಮಾತ್ರ ಬರೀಬೇಕು ಅಂತ ತಂಗಿಯೂ ದನಿಗೂಡಿಸಿದಳು. ನನಗೆ ಸರಿ ಬರಲಿಲ್ಲ. ಹಾಗೆ ಬರೆದ ಪುಸ್ತಕಗಳನ್ನು ಓದಿದ್ದೇನೆ. ‘ಶ್ರೀಯುತರು ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಅಜಾತಶತ್ರು’ ಅಂತ ಶುರುವಾಗುತ್ತವೆ. ಎರಡನೇ ಪುಟಕ್ಕೆ ಯಾರ ಬಗ್ಗೆ ಓದುತ್ತಿದ್ದೇವೆ ಅಂತಲೇ ಮರೆತುಹೋಗುತ್ತದೆ. ಹೆಸರು ತೆಗೆದು ಬೇರೆ ಹೆಸರು ಹಾಕಿದರೂ ನಡೆಯುತ್ತದೆ.

ಚಿಕ್ಕಪ್ಪನ ಮನೆಗೆ ನಾನೊಬ್ಬಳೇ ಹೋದೆ. ಕೂರು ಅಂದರು. ಚಿಕ್ಕಮ್ಮ ಬೆಲ್ಲ, ನೀರು ತಂದಿಟ್ಟರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಾ ಇದ್ದರು.

‘ಬರೀತೀಯ? ಬರಿ. ಸರಿಯಾಗಿ ಬರಿ. ಬೇಲಿ ಕಿತ್ತಿದ್ದು ನಾನಲ್ಲ, ನಿಮ್ಮಪ್ಪ.’

‘ಅಪ್ಪ ನೀವು ಕಿತ್ತಿದ್ದು ಅಂತ ಹೇಳ್ತಿದ್ದ ಚಿಕ್ಕಪ್ಪ.’

‘ಹೇಳ್ತಾನೆ. ಅವನು ಹೇಳೋದೇ ಹಾಗೆ.’

ಆಮೇಲೆ ಒಂದೆರಡು ತಾಸು ಮಾತಾಡಿದರು. ದೀಪಾವಳಿಯ ಅಂಟಿಗೆ-ಪಂಟಿಗೆಗೆ ಅಣ್ಣ ತಮ್ಮ ಇಬ್ಬರೂ ಒಂದೇ ತಂಡದಲ್ಲಿ ಹೋಗುತ್ತಿದ್ದದ್ದು. ಹಚ್ಚಿದ ದೀಪ ಆರದ ಹಾಗೆ ಮನೆಯಿಂದ ಮನೆಗೆ, ಊರಿಂದ ಊರಿಗೆ ರಾತ್ರಿ ಹೊತ್ತು ನಡೆಯಬೇಕು. ಒಬ್ಬರು ಹೇಳಿದ ಸೊಲ್ಲನ್ನು ಉಳಿದವರು ಎತ್ತಿಕೊಳ್ಳಬೇಕು. ಮುಮ್ಮೇಳ ಅಪ್ಪ, ಹಿಮ್ಮೇಳ ಚಿಕ್ಕಪ್ಪ. ‘ಮಾತು ಬಿಟ್ಟ ಮೇಲೂ ಹಬ್ಬಕ್ಕೆ ಹೋಗಿದ್ದೆವು. ಹಾಡೋಕೆ ಮಾತು ಬೇಕಾ? ಅವನು ಹಾಡಿದ್ದನ್ನ ನಾನು ಹಾಡಿದೆ, ಮನೆಗೆ ಬಂದೆ.’ ಇದನ್ನು ಹೇಳುವಾಗ ಮುಖದಲ್ಲಿ ಏನೂ ಇರಲಿಲ್ಲ. ಅಡಿಕೆ ಧಾರಣೆ ಹೇಳುವಷ್ಟೇ ಸಲೀಸಾಗಿ ಹೇಳಿದರು. ಬೇಲಿಯ ಬಗ್ಗೆ ಅಪ್ಪನ ಮಾತು, ಚಿಕ್ಕಪ್ಪನ ಮಾತು ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕುವುದು ಅಂತ ನಿರ್ಧಾರ ಆಯಿತು. ತೀರ್ಪು ಕೊಡಲು ನಾವು ಯಾರು?

ನಾನು ಇಷ್ಟೆಲ್ಲ ಊರೂರು ತಿರುಗುವಾಗ ಅರ್ಧ ಅಪ್ಪ ನನ್ನ ಮಗಳ ಮೊಬೈಲಿನಲ್ಲೇ ಇದ್ದ. ಅವಳು ಮೈಸೂರಿಗೆ ಓದಲು ಹೋದ ಮೇಲೆ ಅಜ್ಜನಿಗೆ ವಾಟ್ಸಾಪ್ ಕಲಿಸಿದ್ದಳು. ಅಪ್ಪನಿಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡುತ್ತಿದ್ದ. ಸುಗ್ಗಿಯಲ್ಲಿ ರಾತ್ರಿ ಅಡಿಕೆ ಸುಲಿಯುತ್ತಾ ಕೂತಾಗ ಶುರು ಮಾಡಿದರೆ ಹತ್ತು ಹದಿನೈದು ನಿಮಿಷ. ಹಿಂದೆ ಮೆಟ್ಟುಗತ್ತಿಯ ಸದ್ದು, ನಾಯಿ, ‘ಸಾಕು ಮಲಗಿ, ಆ ಹುಡುಗಿಗೆ ಓದೋದಿಲ್ವಾ’ ಅನ್ನುವ ಅಮ್ಮ. ಮಗಳು ಮೊಬೈಲು ಬದಲಿಸಿದ್ದಳು, ಆದರೆ ಬ್ಯಾಕಪ್ ಇತ್ತು. ಒಂದೊಂದನ್ನೂ ತೆಗೆದು, ತಾರೀಕು ಹಾಕಿ, ಬೇರೆ ಕಡೆ ನಕಲು ಮಾಡಿಟ್ಟಳು. ನಿಮ್ಮ ಮನೆಯ ಹಿರಿಯರ ದನಿ ಮೊಬೈಲಿನಲ್ಲಿದ್ದರೆ ಇವತ್ತೇ ಈ ಕೆಲಸ ಮಾಡಿ. ಮೊಬೈಲು ಹಾಳಾಗಲು ಮುಹೂರ್ತ ಬೇಡ.

ಒಂದು ಧ್ವನಿಯಲ್ಲಿ ನೆರೆಗುಳಿ ಭತ್ತದ ಕಥೆ. ವರದೆ ತುಂಬಿ ಗದ್ದೆ ಮುಳುಗಿದರೂ ಸಾಯದ ತಳಿ ಅದು, ನಮ್ಮ ಕಡೆಯ ಹಳೇ ಬಿತ್ತನೆ. ‘ನೀರು ಮೇಲೆ ಬಂದ್ರೂ ಉಸಿರು ಹಿಡ್ಕಂಡು ಇರ್ತದೆ ಮಗಾ. ಇಳಿದ ಮೇಲೆ ನೋಡು, ಮಣ್ಣು ಮೆತ್ತಿಕೊಂಡು ಎದ್ದು ನಿಂತಿರ್ತದೆ. ಮಳೆ ಬಂದು ಮೈ ತೊಳೆದರೆ ಮತ್ತೆ ಹಸಿರು.’ ಇನ್ನೊಂದರಲ್ಲಿ ಕೊಳಗದ ಕಥೆ. ಅಲ್ಲಿಂದಲೇ ಅವಳಿಗೆ ಮೂರೂವರೆ ಸೇರು ಗೊತ್ತಾದದ್ದು. ಇನ್ನೊಂದರಲ್ಲಿ ಕಣದಲ್ಲಿ ಭತ್ತ ಅಳೆಯುವುದನ್ನು ಮಾಡಿ ತೋರಿಸಿದ್ದಾನೆ. ಒಂದು ಅನ್ನುವ ಹಾಗಿಲ್ಲ, ಮೊದಲ ಕೊಳಗಕ್ಕೆ ‘ಲಾಭ’. ಆಮೇಲೆ ಎರಡು. ರಾಗವಾಗಿ ಎಳೆದು, ‘ಲಾಭಾ... ಲಾಭಾ... ಎರಡೂ...’ ಅಂತ ಇಪ್ಪತ್ತರವರೆಗೂ ಎಣಿಸಿದ್ದಾನೆ. ಮೊಮ್ಮಗಳಿಗೆ ಅಂತ ಯಾವುದೂ ಕಡಿಮೆ ಮಾಡಿಲ್ಲ.

ಇವೆಲ್ಲ ಕೇಳುತ್ತಾ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಈ ಮನುಷ್ಯ ನನ್ನ ಜೊತೆ ಹೀಗೆ ಮಾತಾಡಿದವನಲ್ಲ. ನಾವು ಚಿಕ್ಕವರಿದ್ದಾಗ ಅಪ್ಪ ಅಂದರೆ ಕತ್ತಲಿರುವಾಗ ಗದ್ದೆಗೆ ಹೋಗಿ ಕತ್ತಲಾದ ಮೇಲೆ ಬರುವವನು. ಬಂದವನೇ ಕಾಲು ತೊಳೆದು, ಉಂಡು, ಮಲಗುವವನು. ಫೀಸು ಕೇಳಲು ಮಾತ್ರ ಎದುರು ನಿಲ್ಲುತ್ತಿದ್ದೆವು. ಹೊಡೆಯಲಿಲ್ಲ, ಬೈಯಲಿಲ್ಲ, ಕಥೆಯನ್ನೂ ಹೇಳಲಿಲ್ಲ. ಮಾತಿಗೆ ಪುರುಸೊತ್ತು ಸಿಗುವ ಹೊತ್ತಿಗೆ ನಾವು ಮೂವರೂ ನಮ್ಮ ನಮ್ಮ ಸಂಸಾರದಲ್ಲಿದ್ದೆವು. ಮೊಮ್ಮಕ್ಕಳು ಸರಿಯಾದ ಸಮಯಕ್ಕೆ ಬಂದರು. ನನ್ನ ಅಪ್ಪ ಬೇರೆ, ಅವಳ ಅಜ್ಜ ಬೇರೆ. ಇಬ್ಬರನ್ನೂ ಒಂದೇ ಪುಸ್ತಕದಲ್ಲಿ ಕೂರಿಸುವುದೇ ಕಷ್ಟವಾದದ್ದು. ಕೊನೆಗೆ ಕೂಡಿಸುವ ಪ್ರಯತ್ನ ಬಿಟ್ಟೆವು. ಮುಂದಿನ ಅರ್ಧ ‘ಅಪ್ಪ’, ಹಿಂದಿನ ಅರ್ಧ ‘ಅಜ್ಜ’.

ಧ್ವನಿಯನ್ನು ಅಕ್ಷರಕ್ಕೆ ಇಳಿಸಲು ಮೊದಲು ಮೊಬೈಲಿನ ವಾಯ್ಸ್ ಟೈಪಿಂಗ್ ಹಚ್ಚಿ ನೋಡಿದೆವು. ನಮ್ಮ ಕಡೆಯ ಮಾತು ಅದಕ್ಕೆ ಹತ್ತಲಿಲ್ಲ. ನೆರೆಗುಳಿ ಹೋಗಿ ‘ನೆರೆಮನೆ’ ಆಯಿತು. ಕೇಳಿಕೊಂಡು ಕೈಯಲ್ಲೇ ಬರೆದೆವು. ಮಾತು ಹೇಗಿದೆಯೋ ಹಾಗೇ ಇರಲಿ, ತಿದ್ದುವುದು ಬೇಡ ಅಂತ ಮಗಳದ್ದು ಹಟ. ಅದು ಸರಿಯೇ ಆಯಿತು.

ಅಮ್ಮ ಮಾತ್ರ ಏನೂ ಹೇಳಲು ಒಪ್ಪಲಿಲ್ಲ. ‘ನಂಗೆಂಥ ಗೊತ್ತು? ಅಡಿಗೆ ಮಾಡಿ ಬಡಿಸಿದ್ದು ಗೊತ್ತು.’ ಮೊಬೈಲು ಕಂಡರೆ ಎದ್ದು ಹೋಗುತ್ತಿದ್ದರು. ಅದಕ್ಕೆ ದಾರಿ ತಾನಾಗೇ ಸಿಕ್ಕಿತು. ಬರೆದದ್ದನ್ನು ಒಂದು ಸಂಜೆ ಜಗಲಿಯಲ್ಲಿ ಕೂತು ಅಣ್ಣನಿಗೆ ಓದಿ ಹೇಳುತ್ತಿದ್ದೆ. ಅಮ್ಮ ಒಳಗೆ ಸೊಪ್ಪು ಸೋಸುತ್ತಿದ್ದರು.

‘ಸುಳ್ಳು’ ಅಂತ ಒಳಗಿನಿಂದ ಬಂತು.

ಓದಿದ್ದು ಏನೆಂದರೆ, ಅಪ್ಪ ಜೀವಮಾನದಲ್ಲಿ ಒಂದೇ ಒಂದು ಸಲವೂ ಸಾಲಕ್ಕೆ ಹೆದರಿದವನಲ್ಲ ಅಂತ. ಯಾರೋ ನೆಂಟರು ಹೇಳಿದ್ದು. ಅಮ್ಮ ಸೊಪ್ಪಿನ ಮೊರ ಹಿಡಿದುಕೊಂಡೇ ಹೊರಗೆ ಬಂದರು. ‘ಹೆದರಿಲ್ವಾ? ಕೊಳೆ ರೋಗ ಬಂದು ಅಡಿಕೆ ಪೂರ್ತಿ ಉದುರಿದ ವರ್ಷ ರಾತ್ರಿ ಎದ್ದು ಅಂಗಳದಲ್ಲಿ ಕೂರ್ತಿದ್ರು. ನಾನೂ ಹೋಗಿ ಕೂರ್ತಿದ್ದೆ. ಮಾತಿಲ್ಲ. ಚಳಿ. ಬರಿ ಅದನ್ನ.’ ಅಲ್ಲಿಂದ ಪ್ರತಿ ಪುಟವನ್ನೂ ಅಮ್ಮನಿಗೆ ಓದಿದೆವು. ನೀವು ಹೇಳಿ ಅಂದರೆ ಹೇಳದವರು, ತಪ್ಪು ತಿದ್ದಲು ಮಾತ್ರ ಎಲ್ಲಿದ್ದರೂ ಎದ್ದು ಬರುತ್ತಾರೆ. ಆ ವರ್ಷದಿಂದ ಅಪ್ಪ ಮೈಲುತುತ್ತದ ವಿಷಯದಲ್ಲಿ ಯಾರನ್ನೂ ನಂಬುತ್ತಿರಲಿಲ್ಲವಂತೆ. ನೂರು ಲೀಟರು ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಬೋರ್ಡೋ ಔಷಧಿಯ ಅಳತೆ ಅಷ್ಟೇ. ಆದರೂ ತಾನೇ ತೂಗಬೇಕು, ತಾನೇ ಬೆರೆಸಬೇಕು, ಕೈಯೆಲ್ಲ ನೀಲಿ. ನೀಲಿ ಕೈಯಲ್ಲೇ ತುತ್ತು ಕಲಸಲು ಕೂತರೆ ಅಮ್ಮ ಬೈದು ಎಬ್ಬಿಸುತ್ತಿದ್ದರು. ಇದು ಪುಸ್ತಕದ ಅತ್ಯಂತ ಒಳ್ಳೆಯ ಪುಟಗಳಲ್ಲಿ ಒಂದು ಅಂತ ನನ್ನ ಲೆಕ್ಕ.

ಡಿಟಿಪಿ ಶಿವಮೊಗ್ಗದಲ್ಲಿ ಮಾಡಿಸಿದೆ. ನಾವು ಬರೆದದ್ದು ಯೂನಿಕೋಡಿನಲ್ಲಿ, ಅವರು ಪುಟ ಕಟ್ಟುವುದು ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ. ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಟ್ಟವು. ಕರಡನ್ನು ಪರದೆಯ ಮೇಲೆ ನೋಡಿದರೆ ಕಣ್ಣಿಗೆ ಬೀಳುವುದಿಲ್ಲ, ಕಾಗದದ ಮೇಲೆ ತೆಗೆಸಿ ನೋಡಬೇಕು. ಪುಟ ಹದಿನಾರರ ಲೆಕ್ಕದಲ್ಲಿ ಬರಬೇಕು ಅಂದರು, ಒಂದು ಫಾರಂ ಅಂದರೆ 16 ಪುಟ. ನಮ್ಮದು 70 ದಾಟಿತ್ತು. ಐದು ಫಾರಂ ಮಾಡಿದರೆ ಸುಮ್ನೆ ಖಾಲಿ ಹಾಳೆಗೆ ದುಡ್ಡು. ಕೂತು ಕಡಿದೆವು. ಗಣ್ಯರ ಸಂದೇಶ ಅಂತ ಅಣ್ಣ ಕೇಳಿ ತಂದಿದ್ದ ಪುಟಗಳು ಮೊದಲು ಹೋದವು. ಪಾಪ, ಅವನಿಗೆ ಬೇಜಾರಾಯಿತು. 64 ಪುಟ, ನಾಲ್ಕು ಫಾರಂ, ಡೆಮಿ ಸೈಜು. ಕೊನೆಯ ಎರಡು ಪುಟ ಮಾತ್ರ ಬೇಕಂತಲೇ ಖಾಲಿ ಬಿಟ್ಟೆವು, ಓದಿದವರು ಬರೆಯಲಿ ಅಂತ. ‘ಅಜ್ಜ’ ಭಾಗದಲ್ಲಿ ಮಗಳು ಕ್ಯೂಆರ್ ಕೋಡ್ ಹಾಕಿದಳು. ಮೊಬೈಲು ಹಿಡಿದರೆ ಅಪ್ಪ ಭತ್ತ ಎಣಿಸುವುದು ಕೇಳುತ್ತದೆ.

ತಿಥಿಯ ದಿನ ಹಿರಿಯರಿಗೆ ಎಡೆ ಇಟ್ಟು, ಊಟವಾದ ಮೇಲೆ ಎಲೆ-ಅಡಿಕೆಯ ಜೊತೆ ಪುಸ್ತಕ ಕೊಟ್ಟೆವು. ಡಬ್ಬಿ ಇಲ್ವಾ ಅಂತ ಒಬ್ಬಿಬ್ಬರು ಕೇಳಿದ್ದೂ ಹೌದು. ಚಪ್ಪರದ ಕೆಳಗೆ ಮೊಮ್ಮಕ್ಕಳು ಮೊಬೈಲು ಹಿಡಿದು ಮುದುಕರ ಕಿವಿಗೆ ಇಡುತ್ತಿದ್ದರು. ನಮ್ಮ ತೋಟಕ್ಕೆ ಕೊನೆ ಕೊಯ್ಯಲು ಬರುತ್ತಿದ್ದ ಕೊನೆಗಾರ, ಅಪ್ಪನ ಜೊತೆಗಾರ, ಎಣಿಕೆ ಕೇಳಿ, ‘ಹದಿನಾಲ್ಕು ಬಿಟ್ಟಿದಾನೆ’ ಅಂದ. ಮತ್ತೆ ಹಚ್ಚಿ ಕೇಳಿದೆವು. ಹೌದು, ಹದಿಮೂರಾದ ಮೇಲೆ ಹದಿನೈದು. ನಾವು ಯಾರೂ ಗಮನಿಸಿರಲಿಲ್ಲ.

ಅತ್ತೆ ತಮ್ಮ ಮದುವೆಯ ವರ್ಷ ತಪ್ಪಾಗಿದೆ ಅಂತ ಸೊಸೆಯ ಕೈಯಲ್ಲಿ ಪುಸ್ತಕದಲ್ಲೇ ತಿದ್ದಿಸಿ ಕಳಿಸಿದ್ದಾರೆ. ಖಾಲಿ ಪುಟ ತುಂಬಿಸಿ ಕಳಿಸಿದವರು ಕಡಿಮೆ. ಬಂದವುಗಳಲ್ಲಿ ಒಂದರಲ್ಲಿ ಅಪ್ಪ 1980ರ ಸುಮಾರಿಗೆ ಯಾರಿಗೋ ಎತ್ತು ಕೊಟ್ಟು ದುಡ್ಡು ಕೇಳದೇ ಬಿಟ್ಟ ಸಂಗತಿ ಇದೆ. ಅಮ್ಮನಿಗೆ ಓದಿ ಹೇಳಿದೆ. ‘ಕೇಳಿದ್ರು. ಅವರು ಕೊಡಲಿಲ್ಲ’ ಅಂದರು. ಇನ್ನೊಮ್ಮೆ ಅಚ್ಚು ಹಾಕಿಸುವಾಗ ಎರಡನ್ನೂ ಸೇರಿಸಬೇಕು.

ಇನ್ನೊಮ್ಮೆ ಅಚ್ಚು ಹಾಕಿಸುವುದು ಅಂತೂ ಗ್ಯಾರಂಟಿ. ಮೊನ್ನೆ ಚಿಕ್ಕಪ್ಪ ಫೋನ್ ಮಾಡಿ ಇನ್ನು ಐದು ಪ್ರತಿ ಬೇಕು ಅಂದರು, ಮಗಳ ಗಂಡನ ಮನೆಯವರಿಗೆ ಕೊಡಲಿಕ್ಕಂತೆ. ಖಾಲಿಯಾಗಿದೆ, ಮಾಡಿಸಿ ಕಳಿಸ್ತೀನಿ ಅಂದೆ.

‘ಕಳಿಸು. ಬೇಲಿಯ ಪುಟಕ್ಕೆ ಒಂದು ಗುರುತು ಹಾಕಿ ಕಳಿಸು’ ಅಂದರು.